ಯಾರ ಫೋನಿಗೆ ಬಂತು?

ನಮ್ಮ ಹುತ್ತೂರಿನ ಕಡೆ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರೆ ಹೊರಗಿನವರು ಅದನ್ನು ನಾಚಿಕೆ ಎಂದುಕೊಳ್ಳುತ್ತಾರೆ. ಮೇಷ್ಟರ ಕೆಲಸದಲ್ಲಿರುವ ನನಗೆ ಗೊತ್ತು, ಎಷ್ಟೋ ಹುಡುಗಿಯರಿಗೆ ಅದು ಹಲ್ಲಿನ ಕಂದು ಕಲೆ ಮುಚ್ಚುವ ಉಪಾಯ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೊಳವೆಬಾವಿಗಳು ಆಳಕ್ಕೆ ಇಳಿದ ಹಾಗೆ ಬಂಡೆಯೊಳಗಿನ ಫ್ಲೋರೈಡೂ ನೀರಿನೊಂದಿಗೆ ಮೇಲೆ ಬಂತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದರೆ, ಮಗುವಿನ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಕೂತುಬಿಡುತ್ತದೆ. ಆಮೇಲೆ ಇದ್ದಿಲು, ಉಪ್ಪು ಹಾಕಿ ಎಷ್ಟು ಉಜ್ಜಿದರೂ ಹೋಗದು. ನೀರು ಕಾಯಿಸಿದರೂ ಫ್ಲೋರೈಡ್ ಕಡಿಮೆಯಾಗದು. ಚಿಕ್ಕ ಮಕ್ಕಳಿಗೆ ಶುದ್ಧೀಕರಿಸಿದ ನೀರು ಕುಡಿಸುವುದೇ ಮೊದಲ ಮದ್ದು.

ಈಗಾಗಲೇ ಕಲೆಯಾದವರಿಗೆ ಹಲ್ಲಿನ ಡಾಕ್ಟರು ಹಲ್ಲಿನದೇ ಬಣ್ಣದ ಕಾಂಪೋಸಿಟ್ ಲೇಪ ಹಚ್ಚುತ್ತಾರೆ, ಇಲ್ಲವೇ ಸೆರಾಮಿಕ್ ಪದರ ಅಂಟಿಸುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಗೆ ಮುಂಚೆ ಲೇಪ ಹಾಕಿಸಿಕೊಂಡಳು. ಆದರೆ ಇದು ಮಾಡಿಸಿ ಮರೆಯುವ ಕೆಲಸವಲ್ಲ. ಲೇಪಕ್ಕೆ ಕಾಫಿ, ಎಲೆ ಅಡಿಕೆಯ ಬಣ್ಣ ಹಿಡಿಯುತ್ತದೆ. ಗಟ್ಟಿ ನಿಪ್ಪಟ್ಟು ಕಚ್ಚಿದರೆ ಅಂಚು ಒಡೆಯಬಹುದು. ಇದ್ದಿಲಿನಿಂದ ಉಜ್ಜಿದರೆ ಹೊಳಪು ಹೋಗಿ, ಗೀರಿನಲ್ಲಿ ಕೊಳೆ ಕೂರುತ್ತದೆ. ಆಗಾಗ ತೋರಿಸಿ ಪಾಲಿಶ್ ಮಾಡಿಸಬೇಕು.

ಇಲ್ಲಿ ಫೋನು ನಿಜಕ್ಕೂ ಉಪಕಾರಿ. ಆರು ತಿಂಗಳಿಗೊಮ್ಮೆ ಬನ್ನಿ ಎಂದು ವಾಟ್ಸಾಪಿನಲ್ಲಿ ನೆನಪಿಸುವ ಡಾಕ್ಟರಿದ್ದಾರೆ. ಅಂಚು ಒಡೆದರೆ ಫೋಟೋ ಕಳಿಸಿ, ತಕ್ಷಣ ಬರಬೇಕೋ ಬೇಡವೋ ಎಂದು ಕೇಳಬಹುದು. ಕೂಲಿ ಬಿಟ್ಟು ಬಸ್ಸು ಹತ್ತಬೇಕಾದವರಿಗೆ ಇದು ಸಣ್ಣ ಮಾತಲ್ಲ. ಹಲ್ಲಿನ ಸಂದಿಯ ಹುಳುಕು ಮಾತ್ರ ಫೋಟೋಕ್ಕೆ ಸಿಗದು. ಅದಕ್ಕೆ ಡಾಕ್ಟರ ಕುರ್ಚಿಯಲ್ಲೇ ಕೂರಬೇಕು.

ಎರಡು ವರ್ಷದ ನಂತರ ಆ ಹುಡುಗಿ ಸಿಕ್ಕಳು. ಲೇಪ ಹಳದಿಯಾಗಿತ್ತು, ಒಂದು ಅಂಚು ಹೋಗಿತ್ತು. "ತೋರಿಸಲಿಲ್ಲವೇನಮ್ಮ?" ಎಂದೆ.

"ಮೆಸೇಜು ಅವರ ಫೋನಿಗೆ ಬರ್ತಿತ್ತಂತೆ ಮಿಸ್. ಜಾಹೀರಾತು ಅಂತ ಅಳಿಸಿಬಿಟ್ಟಿದ್ದಾರೆ. ನನಗೆ ಹೇಳಲೇ ಇಲ್ಲ."

ಅವಳ ಗಂಡ ಕೆಟ್ಟವನಲ್ಲ. ಹೆಂಡತಿಯ ಹಲ್ಲು ತನ್ನ ಜವಾಬ್ದಾರಿ ಎಂದು ಅವನಿಗೆ ತೋಚಲಿಲ್ಲ, ಅಷ್ಟೆ. ತನ್ನದೇ ನಂಬರು ಕೊಡಬಹುದೆಂದು ಅವಳಿಗೂ ತೋಚಲಿಲ್ಲ. ಹಲ್ಲಿನ ಡಾಕ್ಟರೇ ಏಕೆ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಗ್ಯಾಸ್ ಪುಸ್ತಕದಲ್ಲಿ ನಮ್ಮಲ್ಲಿ ಎಷ್ಟು ಜನ ಮನೆಯವರ ನಂಬರನ್ನೇ ಬರೆಸಿದ್ದೇವೆ! ಮುಂದಿನ ವಾರ ಇಬ್ಬರೂ ಹೋಗಿ ಹಲ್ಲು ಸರಿಮಾಡಿಸಿದೆವು. ಹೊರಡುವ ಮುನ್ನ ರಿಜಿಸ್ಟರಿನಲ್ಲಿ ಹಳೆಯ ನಂಬರು ಹೊಡೆದುಹಾಕಿಸಿ, ಅವಳು ತನ್ನದನ್ನು ಒಂದೊಂದೇ ಅಂಕಿ ಹೇಳಿ ಬರೆಸಿದಳು.