ಅವ್ವನ ಸೆರಗು

ಫ್ಯಾಷನ್ ಡಿಸೈನ್ ಓದುವ ಅಕ್ಕನ ಮಗಳು ರಜೆಗೆ ಬಂದವಳೇ, "ಮಾವಶಿ, ಅಜ್ಜಿ ಇಳಕಲ್ ಸೀರಿ ಕೊಡ್ತೀಯೇನು? ಕತ್ತರಿಸಿ ಕೋಟು ಹೊಲೀತೀನಿ" ಎಂದಳು. ನನ್ನೆದೆ ಧಸಕ್ಕೆಂದಿತು.

ಒಡಲು ಹರಿದಿತ್ತು, ನಿಜ. ಆದರೆ ಆ ಸೆರಗು! ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದರ ಪಕ್ಕದಲ್ಲೇ ಅವ್ವ ಎಳೆ ಎಣಿಸಿ ಕಸೂತಿಯ ಗೋಪುರ ಹಾಕಿದ್ದಳು.

ಹುಡುಗಿ ತನ್ನ ಚಿತ್ರ ಬಿಚ್ಚಿದಳು. ಬೆಂಗಳೂರಿನ ಐಐಎಂ ಕಟ್ಟಡವಂತೆ. 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಪಡೆದ ಬಿ.ವಿ. ದೋಶಿಯವರದು. ಕಲ್ಲುಗೋಡೆಯ ಉದ್ದನೆಯ ಪಡಸಾಲೆ, ಮೇಲೆ ಚೌಕಳಿಯಾಗಿ ತೆರೆದ ತೊಲೆಗಳು, ನೆಲದ ಮೇಲೆ ಬಿಸಿಲಿನ ಚೌಕಗಳು. ಅವನ್ನೇ ಗವಂತಿ ಹೊಲಿಗೆಯಲ್ಲಿ ಬೆನ್ನಿಗೆ ಹಾಕುತ್ತಾಳಂತೆ. ಕಸೂತಿಗೆ ದುಂಡು ಗೆರೆ ಒಗ್ಗದು. ಉದ್ದ, ಅಡ್ಡ, ಓರೆ ಅಷ್ಟೇ. ಗೋಪುರ, ರಥ, ತುಳಸಿಕಟ್ಟೆ ಎಂದು ನಮ್ಮ ಅಜ್ಜಿಯರು ಹಾಕಿದ್ದೂ ಕಟ್ಟಡಗಳನ್ನೇ ಅಲ್ಲವೆ? (ರಥವನ್ನು ಕಟ್ಟಡವೆನ್ನಲು ಬಾರದು, ಇರಲಿ.)

ಕತ್ತರಿ ನಾನೇ ಹಿಡಿದೆ. ಕೊಂಡಿಯ ಸಾಲು, ಗೋಪುರ ಎರಡನ್ನೂ ಉಳಿಸಿದೆ. ಹದಿನೈದು ದಿನದಲ್ಲಿ ಅವಳ ಚೌಕಗಳು ಗೋಪುರದ ಮಗ್ಗುಲಿಗೆ ಬಂದು ನಿಂತವು. ಗವಂತಿಯಲ್ಲಿ ಹೋದ ಸೂಜಿ ಬಿಟ್ಟ ಜಾಗ ತುಂಬುತ್ತ ಮರಳಬೇಕು. ಒಳಗೂ ಹೊರಗೂ ಒಂದೇ ಚಿತ್ತಾರ, ಗಂಟು ಕೂಡದು. ತಿರುವಿ ನೋಡಿದೆ. ಒಂದು ಗಂಟು ಸಿಕ್ಕಿತು. ಬಿಚ್ಚಿಸಿದೆ.