ಮುದಿ ಮಾರಿಸ್‌ನ ದೀಪಗಳು

ಅಡಿಗೆಯ ವಿಷಯ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದರು. ನಮ್ಮ ಸಂಘದಲ್ಲಿ ನನಗಿಂತ ಚೆನ್ನಾಗಿ ಅಡಿಗೆ ಮಾಡುವವರೂ ಇದ್ದಾರೆ, ಬರೆಯುವವರೂ ಇದ್ದಾರೆ. ಕಾರಿನ ದೀಪದ ವಿಷಯ ಬರೆಯುತ್ತೇನೆ ಎಂದೆ. ನಕ್ಕರು, ಬೇಡವೆನ್ನಲಿಲ್ಲ.

ನಮ್ಮ ಮನೆಯಲ್ಲಿರುವುದು 1968ರ ಮಾರಿಸ್ ಮೈನರ್. ಇದರ ಮೂಲ ವಿನ್ಯಾಸ ಅಲೆಕ್ ಇಸಿಗೋನಿಸ್ ಅವರದು. 1948ರಲ್ಲಿ ಮೊದಲು ಬಂದ ಈ ಕಾರು ಈ ದೇಶದಲ್ಲಿ 1971ರವರೆಗೆ ತಯಾರಾಯಿತು. ನಮ್ಮ ಊರಿನ ಅಂಬಾಸಿಡರ್ ಕೂಡ ಇದೇ ಮನೆತನದ್ದು. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ್ದು. ನಮ್ಮವರು ಭಾನುವಾರ ಬಂತೆಂದರೆ ಇದರ ಬಾನೆಟ್ಟಿನೊಳಗೆ ತಲೆ ಹಾಕಿ ನಿಲ್ಲುತ್ತಿದ್ದರು. ಟಾರ್ಚು ಹಿಡಿಯುವ ಕೆಲಸ ನನ್ನದು. ಅವರು ಹೋಗಿ ಮೂರು ವರ್ಷವಾಯಿತು. ಈಗ ಕಾರು ಮೊಮ್ಮಗಳಿಗೆ ಬೇಕಂತೆ.

ಕೊಡಲು ನನಗೇನೂ ಅಡ್ಡಿಯಿಲ್ಲ. ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುವ ದೇಶ ಇದು. "ಅಮ್ಮ, ಇದಕ್ಕೆ ಎಂ.ಒ.ಟಿ. ಪರೀಕ್ಷೆಯೇ ಬೇಕಿಲ್ಲ, ಸುಮ್ಮನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀ?" ಎಂದ ಮಗ. ನಿಜ, ಹೆಚ್ಚು ಮಾರ್ಪಾಡು ಮಾಡದ, ನಲವತ್ತು ವರ್ಷ ದಾಟಿದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ವಿನಾಯಿತಿ ಇದೆ. ಆದರೆ ಕಾರು ರಸ್ತೆಗೆ ಯೋಗ್ಯವಾಗಿರಬೇಕೆಂಬ ಹೊಣೆಗೆ ವಿನಾಯಿತಿ ಇಲ್ಲ. ವರ್ಷಕ್ಕೊಮ್ಮೆ ಬೇರೆಯವರು ನೋಡುತ್ತಿದ್ದುದನ್ನು ಈಗ ನಾವೇ ನೋಡಬೇಕು, ಅಷ್ಟೇ. ಗಂಟೆಗೆ 60 ಮೈಲಿ ವೇಗದ ಕಾರು ನಿಲ್ಲಲು 73 ಮೀಟರ್ ಬೇಕೆಂದು ಹೈವೇ ಕೋಡ್ ಹೇಳುತ್ತದೆ. ಹಿಂದಿನಿಂದ ಬರುವವನಿಗೆ ನನ್ನ ಮೊಮ್ಮಗಳು ಅಷ್ಟು ದೂರದಿಂದಲೇ ಕಾಣಬೇಡವೇ?

ಕಾಣುವಂತಿರಲಿಲ್ಲ. ಬಲಗಡೆಯ ಹಿಂದಿನ ಕೆಂಪು ದೀಪ ಬ್ರೇಕ್ ಒತ್ತಿದರೆ ಹೆಚ್ಚು ಉರಿಯುವ ಬದಲು ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ತಾನೂ ಕುಣಿಯುತ್ತಿತ್ತು. ಡ್ಯಾಷ್‌ಬೋರ್ಡಿನಲ್ಲಿ ಮೈಲಿ ಮುಳ್ಳಿನ ಹಿಂದೆ ಬೆಳಕೇ ಇಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ತಂತಿಗಳೆಲ್ಲ ಹಳೆಯವು, ಪೂರ್ತಿ ತೆಗೆದು ಹೊಸದು ಹಾಕಬೇಕು ಎಂದು ಅವರು ಹೇಳಿದ ಲೆಕ್ಕದಲ್ಲಿ ನಾನು ಊರಿಗೆ ಹೋಗಿಬರಬಹುದಿತ್ತು. ಹಾಗಾಗಿ ಅಜ್ಜಿ ಮೊಮ್ಮಗಳು ನಾವೇ ಕೈಹಾಕಿದೆವು.

ದೀಪ ಕೆಟ್ಟರೆ ಎಲ್ಲರೂ ಮೊದಲು ನೋಡುವುದು ಬಲ್ಬು, ಆಮೇಲೆ ಫ್ಯೂಸು, ಆಮೇಲೆ ಸ್ವಿಚ್ಚು. ಇವೆಲ್ಲ ಕರೆಂಟು ಹೋಗುವ ದಾರಿಯಲ್ಲಿರುವವು. ಹೋದದ್ದು ಮರಳಿ ಬರಬೇಕಲ್ಲ! ಕಾರಿನಲ್ಲಿ ಮರಳುವ ದಾರಿ ಎಂದರೆ ಕಾರಿನ ಕಬ್ಬಿಣದ ಮೈ. ಅದಕ್ಕೇ ಅರ್ತ್ ಎನ್ನುವುದು. ಐವತ್ತು ವರ್ಷ ಮಳೆ, ಚಳಿಗಾಲದ ರಸ್ತೆಯ ಉಪ್ಪು ತಿಂದ ಮೈಯಲ್ಲಿ ದೀಪದ ಬುಡ ಕೂರುವ ಕಡೆ ತುಕ್ಕು ಹಿಡಿಯದೆ ಇರುತ್ತದೆಯೇ? ಮರಳುವ ದಾರಿ ಮುಚ್ಚಿದರೆ ಬ್ರೇಕಿನ ಕರೆಂಟು ಅದೇ ಬಲ್ಬಿನ ಇನ್ನೊಂದು ಎಳೆಯಲ್ಲಿ ನುಸುಳಿ, ಬೇರೆ ದೀಪಗಳ ಮೂಲಕ ಸುತ್ತುಬಳಸಿ ಮನೆ ಸೇರಲು ನೋಡುತ್ತದೆ. ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕುವುದು ಇದರಿಂದಲೇ. ಅರ್ತ್ ಸರಿಯಿಲ್ಲದ ದೀಪಕ್ಕೆ ಅರ್ಥವಿಲ್ಲ ಎಂದು ನಮ್ಮವರು ತಮಾಷೆ ಮಾಡುತ್ತಿದ್ದರು.

ಪರೀಕ್ಷೆ ಸುಲಭ. ಇಂಜಿನ್ ಚಾಲೂ ಮಾಡದೆ ಕೀಲಿ ತಿರುಗಿಸಿ ಮೊಮ್ಮಗಳು ಬ್ರೇಕ್ ಒತ್ತಿ ಕುಳಿತಳು. ನಾನು ಮೀಟರಿನ ಒಂದು ಕಡ್ಡಿಯನ್ನು ದೀಪದ ಲೋಹದ ಬುಡಕ್ಕೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೆ ಹಿಡಿದೆ. ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕಾದ ಮೀಟರು 6 ವೋಲ್ಟ್ ತೋರಿಸಿತು. ಹನ್ನೆರಡರಲ್ಲಿ ಅರ್ಧ ತುಕ್ಕಿಗೇ ಕಾಣಿಕೆ! ವೋಲ್ಟು ಅರ್ಧವಾದರೆ ಇಂಥ ಬಲ್ಬಿನ ಬೆಳಕು ಅರ್ಧವಾಗುವುದಿಲ್ಲ, ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. ಮೀಟರು ಇಲ್ಲದವರು ದೀಪದ ಬುಡದಿಂದ ಬ್ಯಾಟರಿಯ ಅರ್ತ್ ತುದಿಗೆ ಒಂದು ಉದ್ದನೆಯ ತಂತಿ ಹಿಡಿದು ನೋಡಬಹುದು. ದೀಪ ಝಗ್ಗನೆ ಬೆಳಗಿದರೆ ರೋಗ ಗೊತ್ತಾಯಿತೆಂದೇ ಲೆಕ್ಕ.

ಬಿಚ್ಚುವ ಮುಂಚೆ ಬ್ಯಾಟರಿಯ ತಂತಿ ಕಳಚಬೇಕು. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಹೆಡ್‌ಲೈಟಿನ ತಂತಿಗೆ ಫ್ಯೂಸೇ ಇಲ್ಲ. ಎಲ್ಲಾದರೂ ತಗುಲಿದರೆ ತಂತಿಯೇ ಸುಡುತ್ತದೆ. ಇನ್ನೊಂದು ಮಾತು: ಮೈನರಿನಲ್ಲಿ ಮೈಗೆ ಸೇರಿರುವುದು ಬ್ಯಾಟರಿಯ ಪ್ಲಸ್ ತುದಿ, ಈಗಿನ ಕಾರುಗಳಿಗೆ ಉಲ್ಟಾ. ಅದಕ್ಕಾಗಿಯೇ ಮಗ ತರಿಸಿದ ಎಲ್.ಇ.ಡಿ. ಬಲ್ಬುಗಳು ಉರಿಯಲಿಲ್ಲ. ಉರಿದಿದ್ದರೂ ತುಕ್ಕು ಹೋಗುತ್ತಿರಲಿಲ್ಲ ಎನ್ನಿ.

ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದೆವು. ಹೊಸ ಸ್ಕ್ರೂ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದೆವು. ಮತ್ತೆ ಅಳೆದರೆ ಮೀಟರಿನ ಮುಳ್ಳು ಸೊನ್ನೆಯಿಂದ ಅಲ್ಲಾಡಲಿಲ್ಲ.

ಡ್ಯಾಷ್‌ಬೋರ್ಡಿಗೆ ತಂತಿಯ ಬಣ್ಣ ನೆರವಾಯಿತು. ಕೆಂಪು ತಂತಿ ಸಣ್ಣ ದೀಪಗಳಿಗೆ, ನೀಲಿ ಹೆಡ್‌ಲೈಟಿಗೆ, ಹಸಿರಿನ ಮೇಲೆ ನೇರಳೆ ಗೆರೆ ಇದ್ದರೆ ಬ್ರೇಕಿಗೆ, ಕೆಂಪಿನ ಮೇಲೆ ಬಿಳಿ ಗೆರೆ ಇದ್ದರೆ ಡ್ಯಾಷ್‌ಬೋರ್ಡಿನ ದೀಪಕ್ಕೆ, ಕಪ್ಪು ಅರ್ತ್‌ಗೆ. ಕೆಂಪು-ಬಿಳಿ ತಂತಿಯಲ್ಲಿ ಕರೆಂಟು ಸರಿಯಾಗಿ ಬರುತ್ತಿತ್ತು; ಪುಟ್ಟ ಬಲ್ಬಿನ ಹಿಡಿಯಲ್ಲಿ ಕಿಲುಬು ಕಟ್ಟಿತ್ತು, ಅಷ್ಟೇ. ಅಲ್ಲೇ ಇರುವ ಕೆಂಪು ಎಚ್ಚರಿಕೆ ದೀಪವನ್ನೂ ಗಮನಿಸಿ. ಕೀಲಿ ತಿರುಗಿಸಿದಾಗ ಹತ್ತಬೇಕು, ಇಂಜಿನ್ ವೇಗ ಹಿಡಿದಾಗ ಆರಬೇಕು. ಆರದಿದ್ದರೆ ಡೈನಮೋ ಬ್ಯಾಟರಿಗೆ ಏನೂ ಕೊಡುತ್ತಿಲ್ಲ. ಮೊದಲು ಫ್ಯಾನ್ ಬೆಲ್ಟು ನೋಡಿ. ಹತ್ತದೇ ಇದ್ದರೆ ಆ ಬಲ್ಬೇ ಹೋಗಿರಬಹುದು, ಆಗ ಎಚ್ಚರಿಸುವವರೇ ಇಲ್ಲ.

ಒಟ್ಟು ಖರ್ಚು ನಾಲ್ಕು ಸ್ಕ್ರೂ, ಒಂದು ಹಾಳೆ ಉಪ್ಪುಕಾಗದ, ಎರಡು ಭಾನುವಾರ. ಹಳೆಯ ಕಾರಿಟ್ಟುಕೊಂಡ ಸದಸ್ಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರಿಗೆ ನನ್ನ ಸಲಹೆ ಇಷ್ಟೇ: ಹೊಸದನ್ನು ಕೊಳ್ಳುವ ಮುಂಚೆ ಮರಳುವ ದಾರಿಯನ್ನು ಒಮ್ಮೆ ಉಜ್ಜಿ ನೋಡಿ. ಕತ್ತಲಾದ ಮೇಲೆ ಹೊರಡುವಾಗ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ ಬ್ರೇಕ್ ಒತ್ತಿ. ಗೋಡೆಯ ಮೇಲೆ ಎರಡು ಕೆಂಪು ಬೆಳಕು ಒಂದೇ ಸಮನಾಗಿ ಬಿದ್ದರೆ ಹೊರಡಿ. ನಮ್ಮ ಹುಡುಗಿ ಹೇಳಿಸಿಕೊಳ್ಳದೆಯೇ ಹಾಗೆ ನೋಡಿ ಹೊರಡುತ್ತಾಳೆ. ನಾನು ಕಿಟಕಿಯಲ್ಲಿ ನಿಂತು, ಆ ಎರಡು ದೀಪ ರಸ್ತೆಯ ತಿರುವು ದಾಟುವವರೆಗೆ ನೋಡುತ್ತೇನೆ.