ಗಾಜಿಗೆ ಅಂಟಿದ ಮರಿಗಳು

ಮಧ್ಯ ವಿಯೆಟ್ನಾಮಿನ ಬೆಟ್ಟದ ಹೊಳೆಗಳಲ್ಲಿ ಬಾಳುವ ಸೆವೆಲಿಯಾ ಲೀನಿಯೊಲಾಟಾ ಮನೆಯ ಅಕ್ವೇರಿಯಂನಲ್ಲಿ ತಾನಾಗಿಯೇ ಮರಿ ಮಾಡುವ ಕೆಲವೇ ಲೋಚ್ ಮೀನುಗಳಲ್ಲಿ ಒಂದು. ಬೆಳೆದರೂ ಐದಾರು ಸೆಂಟಿಮೀಟರ್ ಉದ್ದವಷ್ಟೇ. ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳು ಎರಡೂ ಬದಿಗೆ ಅಗಲವಾಗಿ ಹರಡಿರುವುದರಿಂದ ಇಡೀ ಮೈಯೇ ಒಂದು ಹಿಡಿಕೆಯಾಗಿ, ಕಾವಲಿಯ ಮೇಲೆ ತೆಳ್ಳಗೆ ಹರಡಿದ ದೋಸೆಯಂತೆ ಬಂಡೆಗೆ ಕೂರುತ್ತದೆ; ಹೊಳೆಯ ರಭಸ ಅದರ ಮೇಲಿಂದ ಹಾದುಹೋಗುತ್ತದೆ. ಪಶ್ಚಿಮ ಘಟ್ಟದ ತೊರೆಗಳ ಭವಾನಿಯಾ ಆಸ್ಟ್ರೇಲಿಸ್ ಮೀನಿನದೂ ಇದೇ ಬಗೆಯ ಬದುಕು. ಬೆಟ್ಟದ ಹೊಳೆಗಳ ಮೀನುಗಳನ್ನು ಜೀವಮಾನವೆಲ್ಲ ಅಭ್ಯಾಸ ಮಾಡಿದ ಸುಂದರಲಾಲ್ ಹೋರಾ 1941ರಲ್ಲಿ ಇಂಥದೇ ಇನ್ನೊಂದು ಮೀನಿಗೆ ಬಾಲಿಟೋರಾ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಘಟ್ಟದ ಮೀನುಗಳಿಗೂ ಆಗ್ನೇಯ ಏಷ್ಯಾದ ಮೀನುಗಳಿಗೂ ಇರುವ ಈ ಹೋಲಿಕೆಯನ್ನು ಕಂಡೇ ಅವರು, ಇವು ಒಂದು ಕಾಲದಲ್ಲಿ ಸಾತ್ಪುರ ಬೆಟ್ಟಸಾಲಿನ ದಾರಿಯಾಗಿ ದಕ್ಷಿಣಕ್ಕೆ ಬಂದಿರಬೇಕು ಎಂಬ ವಾದವನ್ನು ಮುಂದಿಟ್ಟದ್ದು.

ಮರಿ ಬೇಕೆನ್ನುವವರು ಮೊದಲು ತೊಟ್ಟಿಯೊಳಗೆ ಹೊಳೆ ಹರಿಸಬೇಕು. ಒಂದು ಬದಿಯಲ್ಲಿ ನೀರು ತಳ್ಳುವ ಪಂಪ್, ಅಂದರೆ ಪವರ್‌ಹೆಡ್ ಇಟ್ಟು, ತೊಟ್ಟಿಯ ನೀರೆಲ್ಲ ಗಂಟೆಗೆ ಹತ್ತು ಹದಿನೈದು ಬಾರಿ ಸುತ್ತುವಂತೆ ಮಾಡುವುದು ವಾಡಿಕೆ. ನೀರು 20ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟನ್ನು ಮಾತ್ರ ಹಿಡಿಯುತ್ತದೆ. ಬೆಂಗಳೂರಿನ ಏಪ್ರಿಲ್ ತಿಂಗಳು ಈ ಮೀನುಗಳಿಗೆ ಕಷ್ಟಕಾಲವಾಗುವುದು ಇದರಿಂದಲೇ. ಆಗ ನೀರಿನ ಮೇಲ್ಮೈಗೆ ಫ್ಯಾನಿನ ಗಾಳಿ ಬೀಸುವಂತೆ ಮಾಡಿದರೆ ಆವಿಯಾಗುವಿಕೆಯಿಂದ ಒಂದೆರಡು ಡಿಗ್ರಿ ಇಳಿಯುತ್ತದೆ.

ಗಂಡು ಹೆಣ್ಣಿನ ಗುರುತು ಮೇಲಿನಿಂದ ನೋಡಿದರೆ ಸಿಗುತ್ತದೆ. ಗಂಡಿನ ಎದೆಯ ರೆಕ್ಕೆ ತಲೆಯ ಬದಿಯಿಂದ ಹೆಗಲಿನಂತೆ ಚೌಕವಾಗಿ ಎದ್ದಿರುತ್ತದೆ. ಹೆಣ್ಣಿನ ತಲೆ ನಯವಾದ ಬಾಗಿನಲ್ಲಿ ರೆಕ್ಕೆಗೆ ಸೇರುತ್ತದೆ. ಜೋಡಿ ಒಂದನ್ನೊಂದು ಸುತ್ತಿ, ಮೈ ನಡುಗಿಸಿ, ಜಲ್ಲಿಯ ಸಂದಿನಲ್ಲಿ ಮೊಟ್ಟೆ ಬಿಡುತ್ತದೆ. ತಳದಲ್ಲಿ ನುಣುಪಾದ ಸಣ್ಣ ಜಲ್ಲಿ ಇರಬೇಕು ಎನ್ನುವುದು ಇದಕ್ಕೇ. ಮೊಟ್ಟೆಯೊಡೆದ ಮರಿಗಳು ಕೆಲಕಾಲ ಆ ಸಂದಿಯಲ್ಲೇ ಅಡಗಿರುತ್ತವೆ. ಹೀಗಾಗಿ ಸಾಕಿದವರು ಮೊದಲು ಕಾಣುವುದು ಮೊಟ್ಟೆಯನ್ನಲ್ಲ. ಒಂದು ದಿನ ಕಲ್ಲಿನ ಮೇಲೋ ಗಾಜಿನ ಮೇಲೋ ಸರಿದಾಡುವ, ಅಕ್ಕಿಕಾಳಿಗಿಂತ ಸಣ್ಣ ಜೀವವನ್ನು. ಅಕ್ವೇರಿಯಂ ಸಾಕುವವರಿಗೆ ಇದಕ್ಕಿಂತ ದೊಡ್ಡ ಸಂತೋಷ ಅಪರೂಪ.

ಮರಿಗಳನ್ನು ಹಿಡಿದು ಬೇರೆ ತೊಟ್ಟಿಗೆ ಹಾಕುವುದು ಸಾಮಾನ್ಯವಾಗಿ ಬೇಕಿಲ್ಲ. ದೊಡ್ಡ ಲೋಚ್‌ಗಳು ಅವನ್ನು ಬೆನ್ನಟ್ಟಿ ತಿನ್ನುವುದಿಲ್ಲ. ಅಪಾಯ ಇರುವುದು ಪಂಪಿನ ಬಾಯಲ್ಲಿ. ಅದಕ್ಕೆ ಒತ್ತಾದ ಸ್ಪಂಜ್ ತೊಡಿಸಿದರೆ ಸಾಕು. ಆಮೇಲಿನ ಪ್ರಶ್ನೆ ಊಟದ್ದು, ಹೆಚ್ಚು ಮರಿಗಳು ಸೋಲುವುದೂ ಇಲ್ಲೇ. ಕಲ್ಲಿನ ಮೇಲಿನ ಪಾಚಿ, ಡಯಾಟಮ್, ಅದರಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ತೆಳು ಪದರವೇ ಮರಿಗಳ ಮೇವು. ಹೊಸದಾಗಿ ತೊಳೆದು ಜೋಡಿಸಿದ ಥಳಥಳ ತೊಟ್ಟಿಯಲ್ಲಿ ಅವು ಹಸಿದು ಸಾಯುತ್ತವೆ. ಬಾಲ್ಕನಿಯ ಬಿಸಿಲಲ್ಲಿ ಒಂದು ಬಕೆಟ್ ನೀರಿಟ್ಟು, ಅದರಲ್ಲಿ ಕಲ್ಲುಗಳಿಗೆ ಪಾಚಿ ಬರಿಸಿ, ತೊಟ್ಟಿಯ ಬೋಳಾದ ಕಲ್ಲುಗಳಿಗೆ ಬದಲಾಗಿ ಇಡುವ ಕ್ರಮ ಸರಳ, ಎಲ್ಲ ಪುಡಿ ಆಹಾರಕ್ಕಿಂತ ಮೇಲು. ಜೊತೆಗೆ ಸ್ಪಿರುಲಿನಾ ಪುಡಿ, ಆಗಷ್ಟೇ ಒಡೆದ ಆರ್ಟೀಮಿಯಾ ಕೊಡಬಹುದು.

ಚಿತ್ರ ತೆಗೆಯುವವರ ಬಯಕೆ ಇದಕ್ಕೆ ವಿರುದ್ಧ: ಅವರಿಗೆ ಗಾಜು ಶುಭ್ರವಾಗಿರಬೇಕು. ಮುಂದಿನ ಗಾಜನ್ನು ಮಾತ್ರ ಉಜ್ಜಿ, ಹಿಂದಿನದನ್ನೂ ಪಕ್ಕದವನ್ನೂ ಹಸಿರಾಗಲು ಬಿಡುವುದು ನ್ಯಾಯವಾದ ಒಪ್ಪಂದ. 90 ಅಥವಾ 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಲೆನ್ಸ್ ಗಾಜಿಗೆ ನೇರವಾಗಿರಬೇಕು. ಓರೆಯಾದರೆ ಬೆಳಕು ಗಾಜಿನಲ್ಲೂ ನೀರಿನಲ್ಲೂ ಬಾಗಿ, ಅಂಚುಗಳು ಕಲಸಿ ಬಣ್ಣ ಒಡೆಯುತ್ತದೆ. ಕೋಣೆಯ ದೀಪ ಆರಿಸಿ, ಫ್ಲಾಶನ್ನು ಕ್ಯಾಮೆರಾದಿಂದ ಬಿಡಿಸಿ ತೊಟ್ಟಿಯ ಮೇಲಿಂದ ಕೆಳಮುಖವಾಗಿ ಹಿಡಿದರೆ ಪ್ರತಿಬಿಂಬದ ಕಾಟವಿಲ್ಲ. ನೀರು ಅಲುಗುತ್ತದೆಂದು ಪಂಪ್ ನಿಲ್ಲಿಸುವವರಿದ್ದಾರೆ. ಅದು ತಪ್ಪು, ಫ್ಲಾಶಿನ ಕ್ಷಣಾರ್ಧದ ಬೆಳಕೇ ಅಲುಗಾಟವನ್ನು ಹಿಡಿದು ನಿಲ್ಲಿಸುವಾಗ ಮರಿಗಳ ಉಸಿರನ್ನು ಪಣಕ್ಕೊಡ್ಡಬೇಕಿಲ್ಲ.

ಪೂರ್ಣ ಗಾತ್ರದ ಮ್ಯಾಕ್ರೋ ಚಿತ್ರದಲ್ಲಿ ಲೆನ್ಸಿನ ತೆರಪನ್ನು ಎಫ್ 11ಕ್ಕೆ ಕಿರಿದಾಗಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಎರಡು ಮಿಲಿಮೀಟರಿಗಿಂತ ಕಡಿಮೆ. ಬೇರೆ ಮೀನಿನ ಮರಿಯಾದರೆ ಕಣ್ಣು ಸಿಕ್ಕಾಗ ಬಾಲ ಮಸುಕು. ಲೋಚ್ ಮರಿ ಮಾತ್ರ ಗಾಜಿಗೆ ಅಂಟಿ ಸಮತಟ್ಟಾಗಿ ನಿಲ್ಲುತ್ತದೆ; ಗಾಜಿನ ಒಳಮುಖಕ್ಕೆ ಫೋಕಸ್ ಕೂರಿಸಿದರೆ ಮೂತಿಯಿಂದ ಬಾಲದವರೆಗೆ ಎಲ್ಲವೂ ಒಂದೇ ತಲದಲ್ಲಿ ಬರುತ್ತದೆ. ಹೊಟ್ಟೆಯ ಕಡೆಯಿಂದ ತೆಗೆದ ಚಿತ್ರವೇ ಅತ್ಯಂತ ಚೆಂದ: ಪಾಚಿ ಕೆರೆಯುವ ಬಾಯಿ, ಪಾರದರ್ಶಕ ಚರ್ಮದೊಳಗೆ ಕಾಣುವ ಕರುಳು, ಒಂದೊಂದೇ ಗೆರೆಯಾಗಿ ಬಿಚ್ಚಿಕೊಂಡ ರೆಕ್ಕೆಯ ಕಡ್ಡಿಗಳು. ಕರುಳು ತುಂಬಿದೆಯೇ ಖಾಲಿಯೇ ಎಂಬುದೂ ತಿಳಿಯುವುದರಿಂದ ಇದೇ ಚಿತ್ರ ಮರಿಯ ಆರೋಗ್ಯದ ದಾಖಲೆಯೂ ಹೌದು. ವಾರಕ್ಕೊಮ್ಮೆ ಒಂದೇ ದೂರದಿಂದ ತೆಗೆದಿಟ್ಟರೆ ಮೊದಲ ಕಪ್ಪು ಮಚ್ಚೆಗಳು ಒಡೆದು, ಬೆಳೆದ ಮೀನಿನ ಬಲೆಯಂಥ ಗೆರೆಗಳಾಗುವ ಬಗೆಯನ್ನು ಸಾಲಾಗಿ ನೋಡಬಹುದು.

ಚೆನ್ನಾಗಿ ನಡೆದ ತೊಟ್ಟಿಯಲ್ಲಿ ಮರಿಗಳು ಹೆಚ್ಚುತ್ತಲೇ ಹೋಗುತ್ತವೆ. ಹೆಚ್ಚಾದವನ್ನು ಬೇರೆ ಸಾಕಣೆದಾರರಿಗೆ ಕೊಡಿ. ಹೊರದೇಶದ ಈ ಮೀನನ್ನು ಘಟ್ಟದ ಯಾವ ಹಳ್ಳಕ್ಕೂ ಬಿಡಬೇಡಿ. ಅಲ್ಲಿನ ಬಂಡೆಗಳ ಪಾಚಿ ಭವಾನಿಯಾ ಮತ್ತು ಬಾಲಿಟೋರಾಗಳಿಗೆ ಬೇಕು.